ಹಾವು ಕಡಿತದ ಸಾವು: ವಿಧಿಯೋ, ವಿಳಂಬವೋ?

ಮಳೆಗಾಲ ಆರಂಭವಾದೊಡನೆ ನಮ್ಮ ದಿನಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಬಗೆಯ ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ. 'ಹಾವು ಕಚ್ಚಿ ಕೃಷಿಕ ಸಾವು', 'ಹಾವು ಕಡಿದು ಬಾಲಕಿ ಮೃತ್ಯು' ಎಂಬ ಶೀರ್ಷಿಕೆ, ಅದರಡಿಯಲ್ಲಿ ನಾಲ್ಕೈದು ಸಾಲುಗಳು. ಒಬ್ಬರು ಹುಲ್ಲು ಕೊಯ್ಯುತ್ತಿದ್ದರು, ಇನ್ನೊಬ್ಬರು ಕಟ್ಟಿಗೆ ಎತ್ತುತ್ತಿದ್ದರು, ಮತ್ತೊಬ್ಬರು ಮನೆಯ ನೆಲದ ಮೇಲೆ ಮಲಗಿದ್ದರು ಎಂಬಷ್ಟೇ ವ್ಯತ್ಯಾಸ. ಓದುಗರು ಒಂದು ನಿಟ್ಟುಸಿರಿನೊಂದಿಗೆ ಪುಟ ಮಗುಚುತ್ತಾರೆ. ನೆರೆಹೊರೆಯವರು 'ಅವರ ಆಯುಷ್ಯ ಅಷ್ಟೇ ಇತ್ತು' ಎಂದು ಮನೆಯವರನ್ನು ಸಂತೈಸುತ್ತಾರೆ. ಶಾಸಕರಾಗಲಿ ಆರೋಗ್ಯಾಧಿಕಾರಿಯಾಗಲಿ ಆ ಸಾವಿನ ಕುರಿತು ಯಾರಿಗೂ ಉತ್ತರ ಕೊಡಬೇಕಾದ ಪ್ರಸಂಗ ಬರುವುದಿಲ್ಲ. ಡೆಂಗಿಯಿಂದ ಇಬ್ಬರು ಸತ್ತರೆ ತುರ್ತು ಸಭೆ ಕರೆಯುವ ಆಡಳಿತ, ಹಾವು ಕಡಿತದಿಂದ ಹತ್ತು ಮಂದಿ ಸತ್ತರೂ ಮೌನವಾಗಿರುತ್ತದೆ. ಏಕೆಂದರೆ ನಮ್ಮ ಸಮಾಜ ಅದನ್ನು ರೋಗವೆಂದು ಪರಿಗಣಿಸಿಯೇ ಇಲ್ಲ. ಸಿಡಿಲಿನಂತೆ ಎರಗುವ ಒಂದು ಆಕಸ್ಮಿಕವೆಂದು ಬಗೆದು ಸುಮ್ಮನಾಗಿಬಿಟ್ಟಿದೆ.

ಆದರೆ ಈ ನಾಲ್ಕು ಸಾಲಿನ ಸುದ್ದಿಗಳನ್ನೆಲ್ಲ ಒಂದೆಡೆ ಕೂಡಿಸಿದರೆ ಸಿಗುವ ಮೊತ್ತ ಬೆಚ್ಚಿಬೀಳಿಸುವಂಥದ್ದು. 'ಮಿಲಿಯನ್ ಡೆತ್ ಸ್ಟಡಿ' ಎಂಬ ಹೆಸರಿನಲ್ಲಿ ದೇಶದಾದ್ಯಂತ ಒಂದು ಬೃಹತ್ ಅಧ್ಯಯನ ನಡೆದಿದೆ. ಸಮೀಕ್ಷಕರು ಸಾವು ಸಂಭವಿಸಿದ ಮನೆಗಳಿಗೇ ಹೋಗಿ, ಮೃತರು ಹೇಗೆ ತೀರಿಹೋದರೆಂದು ಕುಟುಂಬದವರಿಂದ ಕೇಳಿ ಬರೆದುಕೊಂಡರು. ಆ ವಿವರಗಳನ್ನು ವೈದ್ಯರು ಪರಿಶೀಲಿಸಿ ಸಾವಿನ ಕಾರಣವನ್ನು ನಿರ್ಧರಿಸಿದರು. 2011ರಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ 2005ರ ಒಂದೇ ವರ್ಷದಲ್ಲಿ ಭಾರತದಲ್ಲಿ ಹಾವು ಕಡಿತದಿಂದ ಸತ್ತವರು ಸುಮಾರು 46 ಸಾವಿರ ಮಂದಿ. 2020ರಲ್ಲಿ ಹೊರಬಂದ ಇನ್ನೊಂದು ವರದಿ 2000ದಿಂದ 2019ರ ವರೆಗಿನ ಇಪ್ಪತ್ತು ವರ್ಷಗಳನ್ನು ಲೆಕ್ಕ ಹಾಕಿತು. ಸತ್ತವರ ಸಂಖ್ಯೆ ಸುಮಾರು 12 ಲಕ್ಷ. ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ, ದಿನಕ್ಕೆ 150ಕ್ಕೂ ಹೆಚ್ಚು. ಈ ಸಾವುಗಳಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ನಾಲ್ಕು ತಿಂಗಳಲ್ಲೇ ಸಂಭವಿಸುತ್ತವೆ. ಸತ್ತವರ ಪೈಕಿ ನಾಲ್ಕನೆಯ ಒಂದಂಶಕ್ಕಿಂತ ಹೆಚ್ಚಿನವರು 15 ವರ್ಷದೊಳಗಿನ ಮಕ್ಕಳು.

ಇಲ್ಲಿ ಒಂದು ಪ್ರಶ್ನೆ ಸಹಜವಾಗಿಯೇ ಉದ್ಭವಿಸುತ್ತದೆ. ಇಷ್ಟೊಂದು ಮಂದಿ ಸಾಯುತ್ತಿದ್ದರೆ ಸರಕಾರದ ಲೆಕ್ಕದಲ್ಲಿ ಅದು ಏಕೆ ಕಾಣಿಸಲಿಲ್ಲ? ಸರಕಾರಿ ಆಸ್ಪತ್ರೆಗಳು ಸಲ್ಲಿಸುತ್ತಿದ್ದ ಅಧಿಕೃತ ಅಂಕಿಗಿಂತ ಅಧ್ಯಯನದ ಅಂಕಿ 30 ಪಟ್ಟಿಗೂ ಹೆಚ್ಚಿತ್ತು. ಉತ್ತರ ಅದೇ ವರದಿಯಲ್ಲಿದೆ. ಹಾವು ಕಚ್ಚಿ ಸತ್ತವರಲ್ಲಿ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದವರು ನೂರಕ್ಕೆ 23 ಮಂದಿ ಮಾತ್ರ. ಉಳಿದವರು ಮನೆಯಲ್ಲಿ, ಹೊಲದಲ್ಲಿ, ಮಂತ್ರವಾದಿಯ ಜಗಲಿಯಲ್ಲಿ, ಅಥವಾ ಒಂದು ಆಸ್ಪತ್ರೆಯಿಂದ ಇನ್ನೊಂದು ಆಸ್ಪತ್ರೆಗೆ ಸಾಗುವ ದಾರಿಯಲ್ಲಿ ಸತ್ತವರು. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಹೆಸರು ಬರೆಸುವ ಮೊದಲೇ ತೀರಿಕೊಂಡವರನ್ನು ಆಸ್ಪತ್ರೆ ಲೆಕ್ಕ ಹಾಕುವುದಾದರೂ ಹೇಗೆ? ಸತ್ತವರಲ್ಲಿ ನೂರಕ್ಕೆ 97 ಮಂದಿ ಗ್ರಾಮೀಣರು. ಬರಿಗಾಲಲ್ಲಿ ಗದ್ದೆಗಿಳಿಯುವವರು, ಕತ್ತಲಲ್ಲಿ ಬಯಲಿಗೆ ಹೋಗುವವರು, ಮಂಚವಿಲ್ಲದೆ ಮಣ್ಣಿನ ನೆಲದ ಮೇಲೆ ಚಾಪೆ ಹಾಸಿ ಮಲಗುವವರು. ಇದನ್ನು ಬಡವರ ರೋಗವೆಂದು ಕರೆಯದೆ ಬೇರೇನೆಂದು ಕರೆಯಬೇಕು?

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವಿನ ವಿಷಬಾಧೆಯನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಯಲ್ಲಿ ಮೊದಲ ಆದ್ಯತೆಯ ವರ್ಗಕ್ಕೆ ಸೇರಿಸಿತು. ಅದರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಪ್ರತಿವರ್ಷ 54 ಲಕ್ಷ ಮಂದಿಗೆ ಹಾವು ಕಚ್ಚುತ್ತದೆ. 81 ಸಾವಿರದಿಂದ 1 ಲಕ್ಷದ 38 ಸಾವಿರದಷ್ಟು ಮಂದಿ ಸಾಯುತ್ತಾರೆ. ಅದರ ಸುಮಾರು ಮೂರು ಪಟ್ಟು ಜನ ಕೈಕಾಲು ಕಳಕೊಂಡು ಅಥವಾ ಬೇರೆ ಶಾಶ್ವತ ಊನಗಳೊಂದಿಗೆ ಬದುಕುತ್ತಾರೆ. ಈ ಸಾವು ಮತ್ತು ಊನಗಳನ್ನು 2030ರೊಳಗೆ ಅರ್ಧಕ್ಕೆ ಇಳಿಸಬೇಕೆಂಬ ಗುರಿಯನ್ನು ಸಂಸ್ಥೆ 2019ರಲ್ಲಿ ಪ್ರಕಟಿಸಿತು. ಜಗತ್ತಿನ ಸಾವುಗಳಲ್ಲಿ ಭಾರತದ ಪಾಲೇ ಅತಿ ದೊಡ್ಡದಾಗಿರುವುದರಿಂದ ಇಲ್ಲಿ ಸಾವು ಇಳಿಯದೆ ಆ ಗುರಿ ಎಂದಿಗೂ ಈಡೇರದು.

ಅತ್ಯಂತ ನೋವಿನ ಸಂಗತಿಯೆಂದರೆ ಇದು ಮದ್ದಿಲ್ಲದ ರೋಗವಲ್ಲ. ಫ್ರೆಂಚ್ ವೈದ್ಯ ಆಲ್ಬರ್ಟ್ ಕಾಲ್ಮೆಟ್ ನಾಗರಹಾವಿನ ವಿಷಕ್ಕೆ ಪ್ರತಿವಿಷವನ್ನು ಸಿದ್ಧಪಡಿಸಿದ್ದು 1890ರ ದಶಕದಲ್ಲಿ. ಕುದುರೆಗೆ ಹಾವಿನ ವಿಷವನ್ನು ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಕ್ರಮೇಣ ಹೆಚ್ಚಿಸುತ್ತಾ ಚುಚ್ಚಲಾಗುತ್ತದೆ. ವಿಷವನ್ನು ಎದುರಿಸುವ ಶಕ್ತಿ ಅದರ ರಕ್ತದಲ್ಲಿ ಬೆಳೆಯುತ್ತದೆ. ಆ ರಕ್ತದಿಂದ ಬೇಕಾದ ಅಂಶವನ್ನು ಬೇರ್ಪಡಿಸಿ, ಶುದ್ಧೀಕರಿಸಿ ಮನುಷ್ಯನಿಗೆ ನೀಡಲಾಗುತ್ತದೆ. ಇಂದಿಗೂ ತತ್ವ ಅದೇ. ನಮ್ಮ ದೇಶದಲ್ಲಿ ತಯಾರಾಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷವನ್ನು ಎದುರಿಸುವಂತೆ ರೂಪಿಸಲ್ಪಟ್ಟಿದೆ. ಅದು ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಸರಕಾರಿ ಆಸ್ಪತ್ರೆಗಳಲ್ಲಿ ಅದನ್ನು ಉಚಿತವಾಗಿ ನೀಡಲಾಗುತ್ತದೆ. ಮದ್ದು ಕಂಡುಹಿಡಿದು 125 ವರ್ಷಗಳ ಮೇಲಾದರೂ ದಿನಕ್ಕೆ 150 ಮಂದಿ ಸಾಯುತ್ತಾರೆಂದರೆ ಆ ಸಾವಿನ ಹೊಣೆಯನ್ನು ಹಾವಿನ ಮೇಲೋ ವಿಧಿಯ ಮೇಲೋ ಹೊರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಕಚ್ಚಿದ ಕ್ಷಣದಿಂದ ಮದ್ದು ದೇಹ ಸೇರುವ ಕ್ಷಣದವರೆಗಿನ ಸಮಯ ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ಹುಡುಕಬೇಕಾಗುತ್ತದೆ.

ಮೊದಲ ಸೋರಿಕೆ ಮನೆಯಲ್ಲೇ ಆಗುತ್ತದೆ. ಕಚ್ಚಿದ್ದು ವಿಷದ ಹಾವೋ ಅಲ್ಲವೋ ಎಂಬ ಚರ್ಚೆಯಲ್ಲಿ, ಹಾವನ್ನು ಹುಡುಕಿ ಕೊಲ್ಲುವ ಗದ್ದಲದಲ್ಲಿ, 'ನೋವಿಲ್ಲವಲ್ಲ, ನೋಡೋಣ' ಎಂಬ ಸಮಾಧಾನದಲ್ಲಿ ಅಮೂಲ್ಯವಾದ ಸಮಯ ಕಳೆದುಹೋಗುತ್ತದೆ. ನೋವಿಲ್ಲ ಎಂಬುದು ವಿಷವಿಲ್ಲ ಎಂಬುದಕ್ಕೆ ಪುರಾವೆಯಲ್ಲ. ಕಟ್ಟುಹಾವಿನ ಕಡಿತವೇ ಇದಕ್ಕೆ ಉದಾಹರಣೆ. ಅದು ರಾತ್ರಿ ಸಂಚರಿಸುವ ಹಾವು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ಹಲ್ಲಿನ ಗುರುತು ಕಾಣಿಸದಿರಬಹುದು, ಬಾವು ಬಾರದಿರಬಹುದು. ಬೆಳಗ್ಗೆ ಎದ್ದವರು ಹೊಟ್ಟೆನೋವೆನ್ನುತ್ತಾರೆ. ಆಮೇಲೆ ಕಣ್ಣೆವೆ ಜೋಲುತ್ತದೆ, ಮಾತು ತೊದಲುತ್ತದೆ, ಉಗುಳು ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳೇ ಸ್ತಬ್ಧವಾಗುತ್ತವೆ. ನಾಗರಹಾವಿನ ವಿಷವೂ ನರಗಳನ್ನೇ ಹಿಡಿಯುತ್ತದೆ, ಆದರೆ ಅಲ್ಲಿ ಕಚ್ಚಿದ ಜಾಗ ಊದಿಕೊಂಡು ನೋಯುತ್ತದೆ. ಕೊಳಕುಮಂಡಲ ಮತ್ತು ಗರಗಸ ಮಂಡಲಗಳ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ನಾಶ ಮಾಡುತ್ತದೆ. ಒಸಡಿನಿಂದ, ಮೂತ್ರದಲ್ಲಿ, ಹಳೆಯ ಗಾಯಗಳಿಂದ ರಕ್ತ ಒಸರಲಾರಂಭಿಸುತ್ತದೆ. ಕೊಳಕುಮಂಡಲದ ಕಡಿತದಲ್ಲಿ ಮೂತ್ರಪಿಂಡಗಳೂ ಕೆಡುತ್ತವೆ.

ಎರಡನೆಯ ಸೋರಿಕೆ ವಿಷ ಇಳಿಸುವವರ ಮನೆಯಂಗಳದಲ್ಲಿ. ಬೇರು ಅರೆದು ಕುಡಿಸುವವರು, ಕಲ್ಲು ಅಂಟಿಸುವವರು, ಮಂತ್ರಿಸಿ ಊದುವವರು ಪ್ರತಿ ಊರಿನಲ್ಲೂ ಇದ್ದಾರೆ. ಜಾತಿ ಧರ್ಮಗಳ ಭೇದವಿಲ್ಲದೆ ಜನ ಅವರಲ್ಲಿಗೆ ಹೋಗುತ್ತಾರೆ. 'ಅವರ ಕೈಯಲ್ಲಿ ನೂರಾರು ಮಂದಿ ಬದುಕಿದ್ದಾರೆ' ಎಂದು ಪ್ರಮಾಣ ಮಾಡಿ ಹೇಳುವವರೂ ಸಿಗುತ್ತಾರೆ. ಅದು ಸುಳ್ಳೇನಲ್ಲ, ಆದರೆ ಆ ನೂರಾರು ಮಂದಿ ಬದುಕಿದ್ದೇಕೆ ಎಂದು ಯಾರೂ ವಿಚಾರಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರವೇ ವರ್ಷಕ್ಕೆ ಹಾವು ಕಚ್ಚಿಸಿಕೊಳ್ಳುವ 54 ಲಕ್ಷ ಮಂದಿಯಲ್ಲಿ ವಿಷವೇರುವುದು 18ರಿಂದ 27 ಲಕ್ಷ ಮಂದಿಗೆ. ಉಳಿದವರಿಗೆ ಕಚ್ಚಿರುವುದು ಕೇರೆಯಂತಹ ನಿರ್ವಿಷ ಹಾವು, ಅಥವಾ ವಿಷದ ಹಾವೇ ಕಚ್ಚಿದ್ದರೂ ಅದು ವಿಷ ಬಿಟ್ಟಿರುವುದಿಲ್ಲ. ಅಂಥವರು ಬೇರು ಅರೆದು ಕುಡಿಸಿದರೂ ಬದುಕುತ್ತಾರೆ, ಬರಿಯ ನೀರು ಕುಡಿಸಿದರೂ ಬದುಕುತ್ತಾರೆ. ಬದುಕಿದವರ ಕಥೆ ಊರೂರು ಸುತ್ತಿ ವೈದ್ಯನ ಕೀರ್ತಿಯನ್ನು ಬೆಳೆಸುತ್ತದೆ. ವಿಷ ನಿಜವಾಗಿಯೂ ಏರಿದವರು ಸತ್ತಾಗ ಮಾತ್ರ 'ತಡವಾಗಿ ಕರೆತಂದರು' ಎಂಬ ಸಮಜಾಯಿಷಿ ಸಿಗುತ್ತದೆ. ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲ.

ಈ ವಿಷಯದಲ್ಲಿ ಮುಸ್ಲಿಮ್ ಸಮುದಾಯ ತನ್ನನ್ನು ತಾನು ವಿಮರ್ಶಿಸಿಕೊಳ್ಳಬೇಕಾದ ಅಗತ್ಯವಿದೆ. ನೂಲು ಕಟ್ಟಿಸುವುದು, ನೀರು ಊದಿಸಿ ಕುಡಿಸುವುದು ನಮ್ಮಲ್ಲೂ ಇದೆ. ಅದನ್ನು ಪ್ರಶ್ನಿಸಿದಾಗ ಪ್ರವಾದಿ(ಸ)ರ ಸಂಗಾತಿಗಳು ವಿಷಜಂತು ಕಚ್ಚಿದ ಒಬ್ಬ ಗೋತ್ರ ಮುಖ್ಯಸ್ಥನ ಮೇಲೆ ಫಾತಿಹಾ ಓದಿ ಊದಿದ ಘಟನೆಯನ್ನು ಮುಂದಿಡುವವರಿದ್ದಾರೆ. ಆ ಘಟನೆ ಪ್ರಬಲ ವರದಿಗಳಲ್ಲಿ ದಾಖಲಾಗಿದೆ ಮತ್ತು ಅದನ್ನು ಯಾರೂ ನಿರಾಕರಿಸುವುದಿಲ್ಲ. ಆದರೆ ಪ್ರಯಾಣದ ನಡುವೆ, ಬೇರಾವ ಚಿಕಿತ್ಸೆಯೂ ಫಲಿಸದಿದ್ದ ಮರುಭೂಮಿಯಲ್ಲಿ ನಡೆದ ಆ ಘಟನೆಯನ್ನು, ಐದು ಮೈಲಿ ದೂರದಲ್ಲಿ ಆಸ್ಪತ್ರೆ ಇರುವಾಗ ರೋಗಿಯನ್ನು ಅಂಗಳದಲ್ಲಿ ಕೂರಿಸಿಕೊಳ್ಳುವುದಕ್ಕೆ ಪುರಾವೆಯಾಗಿ ಬಳಸುವುದು ಎಷ್ಟು ಸರಿ? ರೋಗಿಯಾಗಿದ್ದ ಸಅದ್ ಬಿನ್ ಅಬೀ ವಕ್ಕಾಸ್‌ರನ್ನು ಕಾಣಲು ಹೋದ ಪ್ರವಾದಿ(ಸ)ರು ಅವರ ಎದೆಯ ಮೇಲೆ ಕೈಯಿಟ್ಟರು. ಅಷ್ಟಕ್ಕೇ ನಿಲ್ಲಿಸದೆ, ಹಾರಿಸ್ ಬಿನ್ ಕಲದಾ ಎಂಬ ವೈದ್ಯನ ಬಳಿಗೆ ಹೋಗುವಂತೆ ಸೂಚಿಸಿದರು. ಪ್ರಾರ್ಥನೆ ಮತ್ತು ಚಿಕಿತ್ಸೆಗಳು ಅಲ್ಲಿ ಜೊತೆಯಾಗಿಯೇ ಇದ್ದವು. ಒಂಟೆಯನ್ನು ಕಟ್ಟಿದ ಮೇಲೆ ದೇವನ ಮೇಲೆ ಭರವಸೆಯಿಡಬೇಕೆಂಬ ಬೋಧನೆಯನ್ನು ಮಕ್ಕಳಿಗೆ ಕಲಿಸುವ ನಾವು, ಒಂಟೆಯನ್ನು ಕಟ್ಟದೆಯೇ ತವಕ್ಕುಲ್‌ನ ಮಾತಾಡುವುದು ಶೋಭೆಯಲ್ಲ. ಮಲಗುವ ಮುನ್ನ ಹಾಸಿಗೆಯನ್ನು ಕೊಡವಬೇಕು, ಅದರೊಳಗೆ ಏನು ಸೇರಿಕೊಂಡಿದೆಯೆಂದು ನಿಮಗೆ ತಿಳಿಯದು ಎಂದು ಕಲಿಸಿದ ಪರಂಪರೆ ಇದು. ಮುನ್ನೆಚ್ಚರಿಕೆಯನ್ನು ವಿಶ್ವಾಸದ ಭಾಗವಾಗಿ ಕಂಡ ಜನರು ವಿಳಂಬವನ್ನು ವಿಧಿಯೆಂದು ಕರೆಯಬಾರದು. ಓದುವವರು ಓದಲಿ, ಪ್ರಾರ್ಥಿಸುವವರು ಪ್ರಾರ್ಥಿಸಲಿ. ಅದು ಆಸ್ಪತ್ರೆಗೆ ಹೋಗುವ ವಾಹನದೊಳಗೆ ನಡೆಯಲಿ.

ಇನ್ನು ಪ್ರಥಮ ಚಿಕಿತ್ಸೆಯ ಹೆಸರಿನಲ್ಲಿ ನಡೆಯುವ ಅನಾಹುತಗಳು. ಕಚ್ಚಿದ ಜಾಗದ ಮೇಲೆ ಹಗ್ಗದಿಂದಲೋ ಬಟ್ಟೆಯಿಂದಲೋ ಬಿಗಿಯಾಗಿ ಕಟ್ಟುವುದನ್ನು ನಾವೆಲ್ಲ ಶಾಲೆಯಲ್ಲಿ, ಸಿನಿಮಾದಲ್ಲಿ ನೋಡಿ ಕಲಿತಿದ್ದೇವೆ. ಇಂದಿನ ವೈದ್ಯಕೀಯ ಮಾರ್ಗಸೂಚಿಗಳು ಅದನ್ನು ಸ್ಪಷ್ಟವಾಗಿ ನಿಷೇಧಿಸುತ್ತವೆ. ಬಿಗಿದ ಕಟ್ಟಿನಿಂದ ರಕ್ತಸಂಚಾರ ನಿಂತು ಅಂಗವೇ ಕೊಳೆಯಬಹುದು. ಅದನ್ನು ಥಟ್ಟನೆ ಬಿಚ್ಚಿದಾಗ ತಡೆದಿದ್ದ ವಿಷ ಒಮ್ಮೆಲೇ ನುಗ್ಗಬಹುದು. ಬ್ಲೇಡಿನಿಂದ ಗೀರುವುದು, ಬಾಯಿಯಿಂದ ಹೀರುವುದು, ಮಂಜುಗಡ್ಡೆ ಇಡುವುದು, ಸುಡುವುದು ಇವೆಲ್ಲವೂ ಹಾನಿಯನ್ನು ಹೆಚ್ಚಿಸುತ್ತವೆ. ರಕ್ತ ಹೆಪ್ಪುಗಟ್ಟದ ಸ್ಥಿತಿಯಲ್ಲಿರುವ ರೋಗಿಗೆ ಗೀರಿದ ಗಾಯವೇ ಮೃತ್ಯುವಾಗಬಹುದು. ಮಾಡಬೇಕಾದದ್ದು ಬಹಳ ಸರಳ. ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಬೇಕು. ಉಂಗುರ, ಬಳೆ, ಕಾಲ್ಗೆಜ್ಜೆ, ಬಿಗಿಯಾದ ಚಪ್ಪಲಿಗಳನ್ನು ತೆಗೆಯಬೇಕು. ಮೂಳೆ ಮುರಿದಾಗ ಮಾಡುವಂತೆ ಕೋಲೊಂದನ್ನು ಆಧಾರವಾಗಿಟ್ಟು, ರಕ್ತಸಂಚಾರಕ್ಕೆ ತಡೆಯಾಗದಂತೆ ಸಡಿಲವಾಗಿ ಸುತ್ತಿ ಆ ಕೈ ಅಥವಾ ಕಾಲು ಅಲುಗದಂತೆ ನೋಡಿಕೊಳ್ಳಬೇಕು. ನಡೆಸಬಾರದು, ಓಡಿಸಬಾರದು, ಎತ್ತಿಕೊಂಡು ಹೋಗಬೇಕು. ವಾಂತಿಯಾಗುತ್ತಿದ್ದರೆ ಎಡಕ್ಕೆ ಮಗ್ಗುಲಾಗಿ ಮಲಗಿಸಬೇಕು. ಪ್ರತಿವಿಷ ಇರುವ ಆಸ್ಪತ್ರೆಗೆ ನೇರವಾಗಿ ಸಾಗಿಸಬೇಕು. ಕಚ್ಚಿದ ಹೊತ್ತು ಯಾವುದು, ದಾರಿಯಲ್ಲಿ ಏನೇನು ಬದಲಾವಣೆಯಾಯಿತು ಎಂಬುದನ್ನು ವೈದ್ಯರಿಗೆ ತಿಳಿಸಬೇಕು. ಹಾವನ್ನು ಹಿಡಿದು ತರುವ ಅಗತ್ಯವಿಲ್ಲ. ನಾಲ್ಕು ಹಾವುಗಳಿಗೂ ಪ್ರತಿವಿಷ ಒಂದೇ. ವೈದ್ಯರು ಲಕ್ಷಣಗಳನ್ನು ನೋಡಿ ಚಿಕಿತ್ಸೆ ನೀಡುತ್ತಾರೆ.

ಮೂರನೆಯ ಸೋರಿಕೆಯೇ ಅತ್ಯಂತ ಕ್ರೂರವಾದುದು. ಅದು ಆಸ್ಪತ್ರೆ ತಲುಪಿದ ಮೇಲೆ ಆಗುವಂಥದ್ದು. ನಮ್ಮ ರಾಜ್ಯದ ಗಡಿಗೆ ತಾಗಿಕೊಂಡಿರುವ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ 2019ರ ನವೆಂಬರ್‌ನಲ್ಲಿ ನಡೆದ ಘಟನೆಯನ್ನು ಹಲವರು ಮರೆತಿರಲಾರರು. ಸರಕಾರಿ ಶಾಲೆಯ ತರಗತಿಯೊಳಗೆ, ಗೋಡೆಯ ಬುಡದಲ್ಲಿದ್ದ ಬಿಲದಿಂದ ಐದನೇ ತರಗತಿಯ ಬಾಲಕಿಯೊಬ್ಬಳಿಗೆ ಹಾವು ಕಚ್ಚಿತು. ಆಕೆಯನ್ನು ಕೂಡಲೇ ಆಸ್ಪತ್ರೆಗೆ ಸಾಗಿಸದೆ ತಂದೆ ಬರುವವರೆಗೆ ಕಾಯಲಾಯಿತೆಂದು ಸಹಪಾಠಿಗಳೇ ಹೇಳಿದರು. ಬಳಿಕ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ದೂರದ ಕಲ್ಲಿಕೋಟೆಗೆ ಎಂದು ಅಲೆದಾಟ ನಡೆಯಿತು. ಕಲ್ಲಿಕೋಟೆ ತಲುಪುವ ಮೊದಲೇ ಆ ಮಗು ಕೊನೆಯುಸಿರೆಳೆಯಿತು. ಮಕ್ಕಳೂ ಪೋಷಕರೂ ಬೀದಿಗಿಳಿದರು, ಶಿಕ್ಷಕರ ಮತ್ತು ವೈದ್ಯರ ಅಮಾನತು ನಡೆಯಿತು. ಆದರೆ ಅಂಥದೇ ಅಲೆದಾಟದಲ್ಲಿ ಸತ್ತು, ಯಾರೂ ಬೀದಿಗಿಳಿಯದೆ ಹೋದ ಮಕ್ಕಳು ಎಷ್ಟು ಮಂದಿಯೋ!

ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾಸ್ಪತ್ರೆಗೆ 'ಮುಂದೆ ಕರೆದೊಯ್ಯಿರಿ' ಎಂದು ಚೀಟಿ ಬರೆದುಕೊಡುವುದು ಏಕೆ ನಡೆಯುತ್ತದೆ? ಕೆಲವೆಡೆ ಮದ್ದೇ ಇರುವುದಿಲ್ಲ. ಮದ್ದು ಇರುವಲ್ಲಿಯೂ ಅದನ್ನು ಕೊಡಲು ವೈದ್ಯರು ಹಿಂಜರಿಯುವುದುಂಟು. ಪ್ರತಿವಿಷ ಕುದುರೆಯ ರಕ್ತದಿಂದ ಬಂದುದಾದ್ದರಿಂದ ಕೆಲವರ ದೇಹ ಅದಕ್ಕೆ ತೀವ್ರವಾಗಿ ಪ್ರತಿಕ್ರಿಯಿಸುತ್ತದೆ. ರಕ್ತದೊತ್ತಡ ಕುಸಿಯಬಹುದು, ಉಸಿರು ಕಟ್ಟಬಹುದು. ಇದಕ್ಕೆ ಪರಿಹಾರ ಅಡ್ರಿನಲಿನ್ ಎಂಬ, ತೀರಾ ಅಗ್ಗವಾದ, ಎಲ್ಲೆಡೆಯೂ ಸಿಗುವ ಚುಚ್ಚುಮದ್ದು. ಅದನ್ನು ಸಿರಿಂಜಿನಲ್ಲಿ ತುಂಬಿ ಪಕ್ಕದಲ್ಲಿಟ್ಟುಕೊಂಡೇ ಪ್ರತಿವಿಷ ಆರಂಭಿಸಬೇಕೆಂದು ಮಾರ್ಗಸೂಚಿ ಹೇಳುತ್ತದೆ. ರಕ್ತ ಕೆಟ್ಟಿದೆಯೇ ಎಂದು ತಿಳಿಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಶುಭ್ರವಾದ, ಒಣಗಿದ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡಿದರೆ ಸಾಕು. ಹೆಪ್ಪುಗಟ್ಟಿರದಿದ್ದರೆ ವಿಷ ರಕ್ತಕ್ಕೇರಿದೆ ಎಂದರ್ಥ. ಆರಂಭದಲ್ಲಿ ಸುಮಾರು 10 ಬಾಟಲಿ ಪ್ರತಿವಿಷ ಬೇಕಾಗುತ್ತದೆ. ಹಾವು ಮಗುವೆಂದು ವಿಷವನ್ನು ಕಡಿಮೆ ಬಿಡುವುದಿಲ್ಲವಾದ್ದರಿಂದ ಮಗುವಿಗೂ ದೊಡ್ಡವರಿಗೂ ಪ್ರಮಾಣ ಒಂದೇ. ಇವು ತರಬೇತಿಯಿಂದ ಬರುವ ತಿಳಿವಳಿಕೆ. ಎಂ.ಬಿ.ಬಿ.ಎಸ್. ಪದವಿ ಪಡೆದ ಯುವ ವೈದ್ಯರೊಬ್ಬರನ್ನು, ಒಬ್ಬ ನರ್ಸಿನ ಹೊರತು ಬೇರಾರ ನೆರವೂ ಇಲ್ಲದ ಕೇಂದ್ರದಲ್ಲಿ ರಾತ್ರಿ ಪಾಳಿಗೆ ಕೂರಿಸಿ, ತರಬೇತಿಯನ್ನೂ ಕೊಡದೆ ಧೈರ್ಯವನ್ನು ಮಾತ್ರ ನಿರೀಕ್ಷಿಸಿದರೆ ಅವರು ರೋಗಿಯನ್ನು ಮುಂದಕ್ಕೆ ಕಳುಹಿಸದೆ ಇನ್ನೇನು ಮಾಡಿಯಾರು?

ಇದರಲ್ಲಿ ಜನರ ಪಾಲೂ ಇದೆ. ರೋಗಿ ಸತ್ತರೆ ವೈದ್ಯರ ಕೊರಳಪಟ್ಟಿ ಹಿಡಿಯುವ, ಆಸ್ಪತ್ರೆಯ ಗಾಜು ಒಡೆಯುವ ಪರಿಪಾಠ ಬೆಳೆದಿದೆ. ಆರು ಗಂಟೆ ಮಂತ್ರವಾದಿಯ ಬಳಿ ಕಳೆದು, ಏಳನೆಯ ಗಂಟೆಗೆ ಆಸ್ಪತ್ರೆಗೆ ಬಂದು, ಎಂಟನೆಯ ಗಂಟೆಗೆ ವೈದ್ಯರ ಮೇಲೆ ಕೈಮಾಡುವವರು ಇರುವಲ್ಲಿ ಯಾವ ವೈದ್ಯನೂ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಲಾರ. ಸಣ್ಣ ಆಸ್ಪತ್ರೆಯಲ್ಲಿ ದೊಡ್ಡ ಕೆಲಸ ಸಾಧ್ಯವಿಲ್ಲವೆಂದೇನೂ ಇಲ್ಲ. ಚೇಳಿನ ಕಡಿತ ಕೊಂಕಣ ಕರಾವಳಿಯಲ್ಲಿ ಒಂದು ಕಾಲಕ್ಕೆ ಇದೇ ರೀತಿ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಬಿರ್‌ವಾಡಿ ಎಂಬ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 1970ರ ದಶಕದಲ್ಲಿ ಬಂದ ಡಾ. ಹಿಮ್ಮತರಾವ್ ಬಾವಸ್ಕರ್, ರೋಗಿಗಳ ಹಾಸಿಗೆಯ ಪಕ್ಕದಲ್ಲೇ ಕುಳಿತು ಆ ವಿಷದ ಪರಿಣಾಮವನ್ನು ಅಭ್ಯಸಿಸಿ, ಪ್ರಾಜೋಸಿನ್ ಎಂಬ ಸಾಮಾನ್ಯ ಮಾತ್ರೆಯಿಂದ ಸಾವನ್ನು ತಡೆಯಬಹುದೆಂದು ತೋರಿಸಿಕೊಟ್ಟರು. ಜಗತ್ತೇ ಅದನ್ನು ಅಂಗೀಕರಿಸಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಚೇಳಿನ ವಿಷಯದಲ್ಲಿ ಒಂದು ಹಳ್ಳಿಯ ಕೇಂದ್ರಕ್ಕೆ ಸಾಧ್ಯವಾದುದು ಹಾವಿನ ವಿಷಯದಲ್ಲಿ ಸಾವಿರಾರು ಕೇಂದ್ರಗಳಿಗೆ ಏಕೆ ಸಾಧ್ಯವಾಗಬಾರದು?

ಮದ್ದಿನ ಗುಣಮಟ್ಟದ ಪ್ರಶ್ನೆಯನ್ನೂ ಇಲ್ಲಿ ಎತ್ತಲೇಬೇಕು. ಭಾರತದ ಪ್ರತಿವಿಷಕ್ಕೆ ಬೇಕಾದ ಹಾವಿನ ವಿಷ ಬಹುಪಾಲು ಬರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. 1978ರಲ್ಲಿ ಸ್ಥಾಪನೆಯಾದ ಆ ಸಂಘದ ಬುಡಕಟ್ಟು ಜನರು ಹಾವನ್ನು ಹಿಡಿದು, ವಿಷ ತೆಗೆದು, ಮರಳಿ ಕಾಡಿಗೆ ಬಿಡುತ್ತಾರೆ. ಅವರಲ್ಲಿ ಇಬ್ಬರಿಗೆ 2023ರಲ್ಲಿ ಪದ್ಮಶ್ರೀ ದೊರೆತದ್ದು ನ್ಯಾಯವಾದುದೇ. ಆದರೆ ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗಿರುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ದಕ್ಷಿಣದ ಒಂದು ಮೂಲೆಯ ವಿಷದಿಂದ ತಯಾರಾದ ಮದ್ದು ದೇಶದ ಎಲ್ಲ ಮೂಲೆಗಳಲ್ಲೂ ಸಮಾನವಾಗಿ ಕೆಲಸ ಮಾಡುವುದಿಲ್ಲ. ಪಶ್ಚಿಮ ಘಟ್ಟದ ತೋಟಗಳಲ್ಲಿರುವ, ಮೂತಿ ಮೇಲಕ್ಕೆತ್ತಿಕೊಂಡಿರುವ ಸಣ್ಣ ಮಂಡಲ ಹಾವಿನ ವಿಷಕ್ಕಂತೂ ಈ ಪ್ರತಿವಿಷ ನಾಟುವುದೇ ಇಲ್ಲ. ಪ್ರಾದೇಶಿಕ ವಿಷ ಸಂಗ್ರಹ ಕೇಂದ್ರಗಳೂ, ಪ್ರಾದೇಶಿಕ ಪ್ರತಿವಿಷವೂ ಬೇಕೆಂದು ವಿಜ್ಞಾನಿಗಳು ಹೇಳುತ್ತಲೇ ಇದ್ದಾರೆ. ಅಣು, ಬಾಹ್ಯಾಕಾಶಗಳಲ್ಲಿ ಹೆಸರು ಮಾಡಿದ ದೇಶಕ್ಕೆ ಇದು ಅಸಾಧ್ಯವೆಂದು ಯಾರೂ ನಂಬರು. ರೋಗಿಗಳು ಬಡವರಾಗಿರುವುದರಿಂದ ಆತುರವಿಲ್ಲ, ಅಷ್ಟೆ.

ಹಾಗೆಂದು ಎಲ್ಲವೂ ಕತ್ತಲೆಯೇ ಎನ್ನುವುದು ಸರಿಯಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಖಾಸಗಿ ಆಸ್ಪತ್ರೆಗಳೂ ಇದಕ್ಕೆ ಬದ್ಧ. ದೇಶದಲ್ಲಿ ಈ ಹೆಜ್ಜೆಯಿಟ್ಟ ಮೊದಲ ರಾಜ್ಯ ನಮ್ಮದು. ಮರು ತಿಂಗಳಲ್ಲೇ ಕೇಂದ್ರ ಸರಕಾರ 2030ರೊಳಗೆ ಸಾವನ್ನು ಅರ್ಧಕ್ಕಿಳಿಸುವ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಬಿಡುಗಡೆ ಮಾಡಿತು. ವರ್ಷಾಂತ್ಯದಲ್ಲಿ ಉಳಿದ ರಾಜ್ಯಗಳಿಗೂ ಕರ್ನಾಟಕದಂತೆ ಮಾಡಲು ಸೂಚಿಸಿತು. ಘೋಷಣೆಯ ಫಲ ಬೇಗನೇ ಕಾಣಿಸಿತು. ಒಂದೇ ವರ್ಷದಲ್ಲಿ ರಾಜ್ಯದಲ್ಲಿ ದಾಖಲಾದ ಪ್ರಕರಣಗಳು ಹೆಚ್ಚು ಕಡಿಮೆ ದ್ವಿಗುಣಗೊಂಡವು, ದಾಖಲಾದ ಸಾವುಗಳು ಇಪ್ಪತ್ತರ ಒಳಗಿನಿಂದ ನೂರರ ಆಸುಪಾಸಿಗೆ ಏರಿದವು. ಒಂದು ವರ್ಷದಲ್ಲಿ ಹಾವುಗಳು ಹೆಚ್ಚಾದುದಲ್ಲ, ಎಣಿಕೆ ಆರಂಭವಾಯಿತು. ಎಣಿಸಲ್ಪಟ್ಟ ಸಾವಿಗೆ ಮಾತ್ರ ಉತ್ತರ ಕೇಳಲು ಸಾಧ್ಯ. ಇನ್ನು ಮುಂದೆ ಕೇಳಬೇಕಾದ ಪ್ರಶ್ನೆಗಳೂ ನಿರ್ದಿಷ್ಟವಾಗಿರಬೇಕು. ನಮ್ಮ ತಾಲೂಕಿನ ಯಾವ ಯಾವ ಆಸ್ಪತ್ರೆಗಳಲ್ಲಿ ಪ್ರತಿವಿಷ ಇದೆ, ಎಷ್ಟು ಬಾಟಲಿ ಇದೆ, ರಾತ್ರಿ ಅದನ್ನು ಕೊಡುವವರಿದ್ದಾರೆಯೇ, ಉಸಿರು ನಿಂತವರನ್ನು ದೊಡ್ಡ ಆಸ್ಪತ್ರೆಯವರೆಗೆ ಉಸಿರಾಡಿಸಿಕೊಂಡು ಹೋಗಬಲ್ಲ ಆಂಬುಲೆನ್ಸ್ ಇದೆಯೇ? ಮತ ಕೇಳಲು ಬರುವವರ ಮುಂದೆ ಮಸೀದಿಯ ಕಂಪೌಂಡಿಗೂ ರಸ್ತೆಯ ಡಾಂಬರಿಗೂ ಬೇಡಿಕೆಯಿಡುವ ನಾವು ಈ ಪ್ರಶ್ನೆಗಳನ್ನು ಎಂದಾದರೂ ಕೇಳಿದ್ದೇವೆಯೇ?

ಬದುಕುಳಿದವರ ಕಥೆಯೂ ಸುಖಾಂತ್ಯವಾಗಿರುವುದಿಲ್ಲ. ಬೆರಳು ಕತ್ತರಿಸಿಕೊಂಡ ಗಾರೆ ಕೆಲಸದವರು, ಕಾಲಿನ ಮಾಂಸ ಕೊಳೆತು ತಿಂಗಳುಗಟ್ಟಲೆ ಮಲಗಿದ ಕೂಲಿಯವರು, ಡಯಾಲಿಸಿಸ್‌ಗೆ ಅಲೆಯುವವರು, ಖಾಸಗಿ ಆಸ್ಪತ್ರೆಯ ಬಿಲ್ಲಿಗಾಗಿ ಒಡವೆ ಅಡವಿಟ್ಟವರು ನಮ್ಮ ನಡುವೆಯೇ ಇದ್ದಾರೆ. ಕೃಷಿ ಕೆಲಸದ ವೇಳೆ ಹಾವು ಕಚ್ಚಿ ಸತ್ತ ರೈತರ ಕುಟುಂಬಕ್ಕೆ ರಾಜ್ಯದ ಕೃಷಿ ಇಲಾಖೆ 2 ಲಕ್ಷ ರೂಪಾಯಿ ಪರಿಹಾರ ನೀಡುತ್ತದೆ. ಅದಕ್ಕೆ ಮರಣೋತ್ತರ ಪರೀಕ್ಷೆಯ ವರದಿ ಬೇಕು. ಮಯ್ಯಿತ್‌ಗೆ ನೋವಾಗಬಾರದೆಂಬ ಭಾವನೆಯಿಂದ, ದಫನಕ್ಕೆ ತಡವಾಗುತ್ತದೆಂಬ ಆತುರದಿಂದ ಅನೇಕರು ಪೊಲೀಸರಿಗೆ ತಿಳಿಸದೆಯೇ ಅಂತ್ಯಸಂಸ್ಕಾರ ಮುಗಿಸಿಬಿಡುತ್ತಾರೆ. ಆ ಭಾವನೆ ಗೌರವಾರ್ಹ. ಆದರೆ ಅದರಿಂದ ವಿಧವೆ ಮತ್ತು ಅನಾಥ ಮಕ್ಕಳ ಹಕ್ಕು ಕೈತಪ್ಪುತ್ತದೆ, ಸಾವು ಲೆಕ್ಕಕ್ಕೂ ಸಿಗದೆ ಹೋಗುತ್ತದೆ ಎಂಬುದನ್ನು ಜಮಾಅತಿನ ಹಿರಿಯರು ಮನೆಯವರಿಗೆ ಸಕಾಲದಲ್ಲಿ ವಿವರಿಸಿ ಹೇಳಬೇಕು. ಅನಾಥರ ಸೊತ್ತಿನ ಕುರಿತು ಅಷ್ಟೊಂದು ಎಚ್ಚರಿಕೆಗಳನ್ನು ಓದಿದವರಿಗೆ ಇದು ಹೊಸ ಪಾಠವಾಗಬೇಕಿಲ್ಲ.

ಪಟ್ಟಣದಲ್ಲಿ ನೆಲೆಸಿರುವ ನಮಗೆ ಇದು ಹಳ್ಳಿಯ ಸಮಸ್ಯೆ ಎನಿಸಬಹುದು. ಆದರೆ ನಮ್ಮ ತೋಟಗಳಲ್ಲಿ, ಇಟ್ಟಿಗೆ ಗೂಡುಗಳಲ್ಲಿ, ಕಟ್ಟಡದ ಶೆಡ್ಡುಗಳಲ್ಲಿ ನೆಲದ ಮೇಲೆ ಮಲಗುವವರು ಯಾರು? ಉತ್ತರ ಭಾರತದಿಂದ, ಅಸ್ಸಾಮ್, ಬಂಗಾಳಗಳಿಂದ ದುಡಿಯಲು ಬಂದ ಬಡವರು. ಅವರಿಗೆ ಒಂದು ಮಂಚ, ಒಂದು ಸೊಳ್ಳೆಪರದೆ, ಒಂದು ಜೊತೆ ಗಂಬೂಟು, ಒಂದು ಟಾರ್ಚ್ ಕೊಡುವುದು ಕೆಲಸ ಮಾಡಿಸಿಕೊಳ್ಳುವವರ ಕರ್ತವ್ಯ. ಹಾಸಿಗೆಯಡಿಗೆ ಸರಿಯಾಗಿ ಸಿಕ್ಕಿಸಿದ ಸೊಳ್ಳೆಪರದೆ ಕಟ್ಟುಹಾವಿನಿಂದ ಕಾಪಾಡುತ್ತದೆ. ಮನೆಯ ಸುತ್ತ ಕಸ, ಕಟ್ಟಿಗೆ ರಾಶಿ, ಚೆಲ್ಲಿದ ಧಾನ್ಯ ಇದ್ದರೆ ಇಲಿ ಬರುತ್ತದೆ, ಇಲಿಯ ಬೆನ್ನಿಗೆ ಹಾವು ಬರುತ್ತದೆ. ಸ್ವಚ್ಛತೆಯನ್ನು ವಿಶ್ವಾಸದ ಭಾಗವೆನ್ನುವ ಸಮುದಾಯದ ಮೊಹಲ್ಲಾಗಳು ಈ ವಿಷಯದಲ್ಲಿ ಹೇಗಿವೆ ಎಂದು ನಮಗೆ ನಾವೇ ಕೇಳಿಕೊಳ್ಳೋಣ. ಕಂಡ ಹಾವನ್ನೆಲ್ಲ ಕೊಲ್ಲುವುದರಿಂದ ಪ್ರಯೋಜನವಿಲ್ಲ. ಕೊಲ್ಲಲು ಹೋದವರಿಗೇ ಕಚ್ಚುವುದು ಹೆಚ್ಚು.

ಪ್ರತಿ ಮಸೀದಿಯ ಸೂಚನಾ ಫಲಕದಲ್ಲಿ, ಪ್ರತಿ ಮದ್ರಸ ಮತ್ತು ಶಾಲೆಯ ಗೋಡೆಯಲ್ಲಿ, ಪ್ರತಿವಿಷ ಸಿಗುವ ಅತಿ ಸಮೀಪದ ಆಸ್ಪತ್ರೆಯ ಹೆಸರು, ದೂರವಾಣಿ ಸಂಖ್ಯೆ ಮತ್ತು 108 ಎಂಬ ಅಂಕಿಯನ್ನು ಬರೆದಿಡಲು ಹೆಚ್ಚೇನೂ ಖರ್ಚಿಲ್ಲ. ಜೂನ್ ತಿಂಗಳ ಒಂದು ಜುಮಾದಲ್ಲಿ ಖತೀಬರು ಐದು ನಿಮಿಷ ಈ ಕುರಿತು ಮಾತಾಡಿದರೆ ನೂರು ಕರಪತ್ರಗಳಿಗಿಂತ ಹೆಚ್ಚಿನ ಪರಿಣಾಮವಾದೀತು. ಆಂಬುಲೆನ್ಸ್ ನಡೆಸುವ ನಮ್ಮ ಯುವಕರ ಸಂಘಟನೆಗಳು ತಮ್ಮ ಚಾಲಕರಿಗೆ ಸರಕಾರಿ ವೈದ್ಯರಿಂದ ಒಂದು ದಿನದ ತರಬೇತಿ ಕೊಡಿಸಲಿ. ಊದುವ ಉಸ್ತಾದರೇ 'ಮೊದಲು ಆಸ್ಪತ್ರೆಗೆ ಹೋಗಿ' ಎಂದು ಹೇಳುವಂತಾಗಲಿ. ಅವರ ಮಾತನ್ನು ಜನ ಕೇಳುತ್ತಾರೆ. ಸರಕಾರ ತನ್ನ ಕೆಲಸ ಮಾಡುವಂತೆ ಒತ್ತಾಯಿಸುವುದು ಮತ್ತು ನಮ್ಮ ಕೆಲಸವನ್ನು ನಾವು ಮಾಡುವುದು, ಇವೆರಡೂ ಜೊತೆಯಾಗಿ ನಡೆಯಬೇಕು. ಆಯುಷ್ಯ ದೇವನ ಕೈಯಲ್ಲಿದೆ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಕಚ್ಚಿದ ಮೇಲಿನ ಮೊದಲ ಒಂದು ಗಂಟೆಯನ್ನು ಅವನು ನಮ್ಮ ಕೈಗೆ ಕೊಟ್ಟಿದ್ದಾನೆ, ಮತ್ತು ಆ ಒಂದು ಗಂಟೆಯನ್ನು ಹೇಗೆ ಕಳೆದಿರಿ ಎಂಬ ಪ್ರಶ್ನೆಗೆ ನಾವು ಉತ್ತರಿಸಬೇಕಾಗಿದೆ.